ಟ್ಯಾಂಕಿನ ನೀರಿನಲ್ಲಿ ಎಷ್ಟು ವಿದ್ಯುತ್ತಿದೆ? – ಓದುಗರ ವಿಜ್ಞಾನ ಪ್ರಶ್ನೋತ್ತರ

ಪ್ರಶ್ನೆ: ಮಾನ್ಯರೇ, ನಾನು ಡೊಂಬಿವಲಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದೇನೆ. ಪರ್ಯಾಯ ಶಕ್ತಿ ಮತ್ತು ಸುಸ್ಥಿರತೆಯ ಬಗ್ಗೆ ಎಲ್ಲರೂ ಒಂದೊಂದು ಪ್ರಾಜೆಕ್ಟ್ ಮಾಡಬೇಕೆಂದು ನಮ್ಮ ವಿಜ್ಞಾನದ ಟೀಚರ್ ಹೇಳಿದ್ದಾರೆ. ಗೆಳತಿಯೊಬ್ಬಳು ನಿಂಬೆಹಣ್ಣಿನಿಂದ ಬಲ್ಬ್ ಉರಿಸುತ್ತಾಳಂತೆ. ಇನ್ನೊಬ್ಬ ಸಹಪಾಠಿ ಅಯಸ್ಕಾಂತವಿಟ್ಟು ಕರೆಂಟಿಲ್ಲದೆ ತಿರುಗುವ ಫ್ಯಾನ್ ಮಾಡುತ್ತಾನಂತೆ. ನಮ್ಮದು ಏಳು ಮಾಳಿಗೆಯ ಕಟ್ಟಡ. ಮೇಲಿನ ಟ್ಯಾಂಕಿನಿಂದ ನೀರು ಇಳಿಯುವ ಪೈಪಿಗೆ ಸಣ್ಣ ಟರ್ಬೈನ್ ಜೋಡಿಸಿದರೆ ಇಡೀ ಸೊಸೈಟಿಯ ದೀಪಗಳನ್ನು ಪುಕ್ಕಟೆಯಾಗಿ ಉರಿಸಬಹುದಲ್ಲವೇ? ಈ ಮೂರರಲ್ಲಿ ಯಾವುದು ಒಳ್ಳೆಯದು? ಸುಸ್ಥಿರತೆಯ ಬಗ್ಗೆ ಏನು ಬರೆಯಬೇಕು?

ಉತ್ತರ: ಮೂರು ಯೋಚನೆಗಳಲ್ಲಿ ನಿನ್ನದೇ ಉತ್ತಮ, ಏಕೆಂದರೆ ಅದನ್ನು ಲೆಕ್ಕ ಹಾಕಿ ಪರೀಕ್ಷಿಸಲು ಬರುತ್ತದೆ. ಲೆಕ್ಕ ಹಾಕಿದ ಮೇಲೆ ಅದು ಉಳಿಯುತ್ತದೆಯೋ ಇಲ್ಲವೋ ಎಂಬುದು ಬೇರೆ ಮಾತು. ನಿನ್ನ ಪಠ್ಯದಲ್ಲಿ 'ಕೆಲಸ ಮತ್ತು ಶಕ್ತಿ' ಎಂಬ ಪಾಠವಿದೆ. ಎತ್ತರದಲ್ಲಿರುವ ವಸ್ತುವಿನ ಪ್ರಚ್ಛನ್ನ ಶಕ್ತಿಯೆಂದರೆ ಅದರ ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರ ಈ ಮೂರರ ಗುಣಲಬ್ಧ ಎಂದು ಅಲ್ಲಿ ಓದಿರುತ್ತೀ. 1,000 ಲೀಟರ್ ನೀರಿನ ತೂಕ 1,000 ಕಿಲೋಗ್ರಾಂ. ಏಳು ಮಾಳಿಗೆಯ ಎತ್ತರವನ್ನು 20 ಮೀಟರ್ ಎಂದಿಟ್ಟುಕೊಂಡರೆ ಗುಣಿಸಿದಾಗ ಬರುವುದು 1,96,000 ಜೂಲ್. ಕರೆಂಟ್ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಹಾಗಾಗಿ ಸಾವಿರ ಲೀಟರ್ ನೀರು ಮೇಲಿಂದ ನೆಲದವರೆಗೆ ಇಳಿದಾಗ ಸಿಗಬಹುದಾದ ಗರಿಷ್ಠ ಶಕ್ತಿ 0.054 ಯೂನಿಟ್ ಮಾತ್ರ. ಸಣ್ಣ ಟರ್ಬೈನು ಇದರಲ್ಲಿ ಅರ್ಧವನ್ನು ಹಿಡಿದರೆ ಅದೇ ದೊಡ್ಡದು, ಮತ್ತು ಆ ಅರ್ಧದಿಂದ 9 ವಾಟಿನ ಒಂದು ಎಲ್‌ಇಡಿ ಬಲ್ಬನ್ನು ಮೂರು ಗಂಟೆ ಉರಿಸಬಹುದು.

ಇಷ್ಟಾದರೂ ಸಿಗುತ್ತದಲ್ಲ ಎಂದು ನೀನು ಕೇಳಬಹುದು. ಆದರೆ ಆ ನೀರು ತಾನಾಗಿ ಮೇಲೆ ಹತ್ತಿಲ್ಲ. ಕೆಳಗಿನ ಟ್ಯಾಂಕಿನಿಂದ ಅದನ್ನು ಎತ್ತಿದ್ದು ಸೊಸೈಟಿಯ ಪಂಪು. ಪಂಪಿನಲ್ಲೂ ಪೈಪಿನ ಘರ್ಷಣೆಯಲ್ಲೂ ಆಗುವ ನಷ್ಟವನ್ನು ಸೇರಿಸಿದರೆ ಸಾವಿರ ಲೀಟರನ್ನು ಏರಿಸಲು ಅದು ಸುಮಾರು 0.1 ಯೂನಿಟ್ ಕರೆಂಟ್ ನುಂಗಿರುತ್ತದೆ. ಅಂದರೆ ನಾಲ್ಕು ಪಾಲು ಕರೆಂಟನ್ನು ಖರ್ಚು ಮಾಡಿ ಒಂದು ಪಾಲನ್ನು ಮರಳಿ ಪಡೆದು, ಅದಕ್ಕೆ ಪರ್ಯಾಯ ಶಕ್ತಿ ಎಂದು ಹೆಸರಿಟ್ಟಂತಾಗುತ್ತದೆ. ಅಲ್ಲದೆ ಟರ್ಬೈನು ನೀರಿನ ಒತ್ತಡವನ್ನು ಕಸಿದುಕೊಳ್ಳುವುದರಿಂದ ಆರನೆಯ ಮಾಳಿಗೆಯವರ ನಲ್ಲಿಯಲ್ಲಿ ನೀರು ಸಣ್ಣಗಾಗಿ, ಅವರು ಸೆಕ್ರೆಟರಿಯ ಮನೆಯ ಕರೆಗಂಟೆ ಒತ್ತುವುದು ಖಂಡಿತ. ಆದರೂ ಈ ಲೆಕ್ಕವನ್ನು ಪ್ರಾಜೆಕ್ಟ್ ಪುಸ್ತಕದ ಮೊದಲ ಪುಟದಲ್ಲಿ ಹಾಗೆಯೇ ಬರೆ. ಒಂದು ಯೋಚನೆ ಏಕೆ ಸಾಗುವುದಿಲ್ಲ ಎಂದು ಅಂಕಿಗಳಿಂದ ತೋರಿಸುವುದು ಥರ್ಮೋಕೋಲಿನ ಹತ್ತು ಮಾದರಿಗಳಿಗಿಂತ ಮೇಲಾದ ವಿಜ್ಞಾನ.

ನಿಂಬೆಹಣ್ಣಿನ ಬಲ್ಬಿಗೂ ಇದೇ ಪ್ರಶ್ನೆಯನ್ನು ಹಾಕು: ಶಕ್ತಿ ಎಲ್ಲಿಂದ ಬಂತು? ಹಣ್ಣಿಗೆ ಒಂದು ತಾಮ್ರದ ತುಂಡನ್ನೂ ಸತುವಿನ ಲೇಪವಿರುವ ಒಂದು ಮೊಳೆಯನ್ನೂ ಚುಚ್ಚಿದರೆ ಒಂದು ವೋಲ್ಟಿನ ಆಸುಪಾಸು ಸಿಗುತ್ತದೆ, ಮತ್ತು ಅಂಥ ನಾಲ್ಕು ಹಣ್ಣುಗಳನ್ನು ಸರಣಿಯಲ್ಲಿ ಜೋಡಿಸಿದರೆ ಕೆಂಪು ಎಲ್‌ಇಡಿ ಮಂಕಾಗಿ ಹೊತ್ತಿಕೊಳ್ಳುತ್ತದೆ. ನೋಡುವವರು ಹಣ್ಣಿನಲ್ಲೇ ವಿದ್ಯುತ್ತಿದೆ ಎಂದುಕೊಳ್ಳುತ್ತಾರೆ. ನಿಜವಾಗಿ ಇಲ್ಲಿ ಖರ್ಚಾಗುತ್ತಿರುವುದು ಸತು. ಸತುವಿನ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ರಸದಲ್ಲಿ ಕರಗುತ್ತವೆ, ಆ ಎಲೆಕ್ಟ್ರಾನುಗಳು ತಂತಿಯ ಮೂಲಕ ತಾಮ್ರದ ಕಡೆಗೆ ಹರಿಯುತ್ತವೆ. ನಿಂಬೆರಸದ ಕೆಲಸ ಅಯಾನುಗಳಿಗೆ ದಾರಿ ಮಾಡಿಕೊಡುವುದಷ್ಟೇ, ಅದನ್ನು ಬಟಾಟೆಯೋ ಉಪ್ಪುನೀರೋ ಕೂಡ ಮಾಡಬಲ್ಲದು. ಆ ಸತುವನ್ನು ಅದಿರಿನಿಂದ ಬೇರ್ಪಡಿಸಲು ಕಾರ್ಖಾನೆಯಲ್ಲಿ ಸುರಿದ ವಿದ್ಯುತ್ತು ನಿಂಬೆಯಿಂದ ಮರಳಿ ಸಿಗುವುದಕ್ಕಿಂತ ಎಷ್ಟೋ ಹೆಚ್ಚು. ಇದು ಒಳ್ಳೆಯ ರಸಾಯನಶಾಸ್ತ್ರದ ಪ್ರಯೋಗ, ಪರ್ಯಾಯ ಶಕ್ತಿಯ ಪ್ರಯೋಗವಲ್ಲ.

ಅಯಸ್ಕಾಂತದ ಫ್ಯಾನಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊಬೈಲಿನಲ್ಲಿ ಓಡಾಡುವ ಅಂಥ ವಿಡಿಯೋಗಳಲ್ಲಿ ಎಲ್ಲೋ ಒಂದು ಗುಂಡಿ ಬ್ಯಾಟರಿ ಅಡಗಿರುತ್ತದೆ. ಶಕ್ತಿಯನ್ನು ಸೃಷ್ಟಿಸಲು ಬಾರದೆಂಬ ನಿಯಮಕ್ಕೆ ಇದುವರೆಗೆ ಯಾವ ಅಯಸ್ಕಾಂತವೂ ವಿನಾಯಿತಿ ಪಡೆದಿಲ್ಲ.

ಹಾಗಾದರೆ ನೀನು ಏನು ಮಾಡಬೇಕು? ನನ್ನ ಸಲಹೆ ಒಂದು ಸಣ್ಣ ಸೌರ ಫಲಕ, ಒಂದು ಮಲ್ಟಿಮೀಟರ್ ಮತ್ತು ಒಂದು ನೋಟ್‌ಬುಕ್. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 6 ವೋಲ್ಟ್, 1 ವಾಟಿನ ಅಂಗೈಯಗಲದ ಫಲಕಗಳು ಸಿಗುತ್ತವೆ. ಅಪ್ಪನನ್ನೋ ಅಣ್ಣನನ್ನೋ ಜೊತೆಗೆ ಕರೆದುಕೊಂಡು ಹೋಗಿ ಅದರೊಂದಿಗೆ 33 ಓಮಿನ, ಎರಡು ವಾಟ್ ತಡೆಯುವ ಒಂದು ರೋಧಕವನ್ನೂ ಕೇಳಿ ತೆಗೆದುಕೊ. ಹೆಚ್ಚಿನ ವಿದ್ಯಾರ್ಥಿಗಳು ಬರಿಯ ಫಲಕದ ತುದಿಗಳಿಗೆ ಮೀಟರ್ ಹಿಡಿದು, ಮೋಡದ ದಿನವೂ ಐದಾರು ವೋಲ್ಟ್ ಬಂತೆಂದು ಬರೆದುಬಿಡುತ್ತಾರೆ. ಕೆಲಸ ಮಾಡಿಸದೆ ಅಳೆದ ವೋಲ್ಟೇಜಿನಿಂದ ಫಲಕದ ಸಾಮರ್ಥ್ಯ ತಿಳಿಯುವುದಿಲ್ಲ. ರೋಧಕವನ್ನು ಜೋಡಿಸಿ, ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಅಳೆದು, ಆ ಸಂಖ್ಯೆಯ ವರ್ಗವನ್ನು 33ರಿಂದ ಭಾಗಿಸು. 5 ವೋಲ್ಟ್ ಬಂದರೆ ಸುಮಾರು 0.76 ವಾಟ್ ಎಂದಾಯಿತು. ಮೋಡ ಕವಿದಾಗ 1 ವೋಲ್ಟ್ ಬಂದರೆ ಅದು 0.03 ವಾಟ್. ವೋಲ್ಟು ಐದರಲ್ಲೊಂದಾದಾಗ ವಾಟು ಇಪ್ಪತ್ತೈದರಲ್ಲೊಂದಾಗಿದ್ದನ್ನು ಗಮನಿಸು.

ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಗಂಟೆಗೊಮ್ಮೆ ಹೀಗೆ ಅಳೆದು ಬರೆದುಕೊ. ಫಲಕವನ್ನು ಒಮ್ಮೆ ನೆಲಕ್ಕೆ ಸಮತಟ್ಟಾಗಿ, ಒಮ್ಮೆ ದಕ್ಷಿಣಕ್ಕೆ ಮುಖ ಮಾಡಿ 19 ಡಿಗ್ರಿ ಓರೆಯಾಗಿ, ಒಮ್ಮೆ ಗೋಡೆಯಂತೆ ನೆಟ್ಟಗೆ ನಿಲ್ಲಿಸಿ ನೋಡು. 19 ಡಿಗ್ರಿ ಏಕೆಂದರೆ ಮುಂಬಯಿ ಪರಿಸರದ ಅಕ್ಷಾಂಶ ಹೆಚ್ಚುಕಡಿಮೆ ಅಷ್ಟೇ. ಮೇ ತಿಂಗಳ ನಡುವೆ ಮತ್ತು ಜುಲೈ ಕೊನೆಯ ವಾರದಲ್ಲಿ ನಡು ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಬರುವುದರಿಂದ ಆ ದಿನಗಳಲ್ಲಿ ಸಮತಟ್ಟಾದ ಫಲಕವೇ ಗೆಲ್ಲುತ್ತದೆ, ಡಿಸೆಂಬರಿನಲ್ಲಿ ಓರೆಯಾದದ್ದು ಗೆಲ್ಲುತ್ತದೆ. ಜುಲೈಯಲ್ಲಿ ಮಳೆಮೋಡದ ಆಚೆ ಸೂರ್ಯ ಕಾಣುವುದೇ ಅಪರೂಪ ಎಂಬುದನ್ನೂ ಬರೆಯಬೇಕಾಗುತ್ತದೆ, ಏಕೆಂದರೆ ಮಳೆಗಾಲದ ಆ ಸಣ್ಣ ಅಂಕಿಗಳೂ ಫಲಿತಾಂಶವೇ.

ಇನ್ನೆರಡು ಪ್ರಯೋಗಗಳನ್ನು ತಪ್ಪದೆ ಮಾಡು. ಫಲಕದ ಮೇಲೆ ಪಟ್ಟಿ ಪಟ್ಟಿಯಾಗಿ ಕಾಣುವ ಕೋಶಗಳಲ್ಲಿ ಒಂದನ್ನು ಮಾತ್ರ ಕಪ್ಪು ಕಾಗದದಿಂದ ಪೂರ್ತಿ ಮುಚ್ಚು. ಹನ್ನೆರಡು ಕೋಶಗಳಲ್ಲಿ ಒಂದು ಹೋದರೆ ಹನ್ನೆರಡರಲ್ಲೊಂದು ಪಾಲು ಮಾತ್ರ ಕಡಿಮೆಯಾಗಬೇಕೆಂದು ಅನ್ನಿಸುತ್ತದೆ, ಆದರೆ ಉತ್ಪಾದನೆ ಬಹುಪಾಲು ಕುಸಿದುಬೀಳುತ್ತದೆ. ಕೋಶಗಳು ಸರಣಿಯಲ್ಲಿರುವುದರಿಂದ ನೆರಳಿನಲ್ಲಿರುವ ಒಂದು ಕೋಶ ಉಳಿದೆಲ್ಲದರ ಪ್ರವಾಹವನ್ನೂ ತಡೆಯುತ್ತದೆ. ನಿಮ್ಮ ಗಚ್ಚಿನ ಮೇಲೆ ನೀರಿನ ಟ್ಯಾಂಕಿನ ನೆರಳು, ಪಕ್ಕದಲ್ಲಿ ಏಳುತ್ತಿರುವ ಟವರಿನ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ಸುಣ್ಣದಕಡ್ಡಿಯಿಂದ ಗುರುತು ಹಾಕಿದರೆ ಅದೊಂದೇ ನಕ್ಷೆ ಸೊಸೈಟಿಯವರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಎರಡನೆಯದು ಬಿಸಿಯ ಪ್ರಯೋಗ. ಕಾದ ಫಲಕದಿಂದ ರೋಧಕವನ್ನು ಬಿಡಿಸಿ ವೋಲ್ಟೇಜ್ ಅಳೆ, ಆಮೇಲೆ ಅದರ ಬೆನ್ನಿಗೆ ತಣ್ಣೀರಿನ ಬಟ್ಟೆಯಿಟ್ಟು ಮತ್ತೆ ಅಳೆ. ಸಿಲಿಕಾನ್ ಕೋಶ ಒಂದೊಂದು ಡಿಗ್ರಿ ಕಾದಂತೆ ಸುಮಾರು 2 ಮಿಲಿವೋಲ್ಟ್ ಕಳೆದುಕೊಳ್ಳುವುದರಿಂದ ತಂಪಾದ ಫಲಕದ ವೋಲ್ಟೇಜ್ ಏರಿದ್ದು ಮೀಟರಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಫಲಕಕ್ಕೆ ಬೇಕಾದದ್ದು ಬೆಳಕು, ಬಿಸಿಯಲ್ಲ ಎಂಬುದನ್ನು ಹತ್ತು ಸಾಲಿನ ವಿವರಣೆಗಿಂತ ಆ ಮೀಟರ್ ಚೆನ್ನಾಗಿ ಹೇಳುತ್ತದೆ.

ಸುಸ್ಥಿರತೆಯ ಭಾಗಕ್ಕೆ ಬಂದಾಗ ದಯವಿಟ್ಟು 'ಭೂಮಿಯನ್ನು ಉಳಿಸೋಣ' ಎಂದು ಬಣ್ಣದ ಅಕ್ಷರಗಳಲ್ಲಿ ಬರೆದು ಮುಗಿಸಬೇಡ. ಸೆಕ್ರೆಟರಿಯವರನ್ನು ಕೇಳಿ ಲಿಫ್ಟ್, ಪಂಪು ಮತ್ತು ಮೆಟ್ಟಿಲ ದೀಪಗಳ ಸಾಮಾನ್ಯ ಮೀಟರಿನ ಬಿಲ್ ತೆಗೆದುಕೊ. ಒಂದು ಕಿಲೋವಾಟಿನ ಫಲಕಗಳಿಗೆ ಸುಮಾರು 100 ಚದರ ಅಡಿ ಗಚ್ಚು ಬೇಕು, ವರ್ಷದ ಸರಾಸರಿಯಲ್ಲಿ ಅದು ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ನೆರಳು ಬೀಳದ ಗಚ್ಚು ಎಷ್ಟಿದೆ ಎಂದು ನಿನ್ನ ನಕ್ಷೆಯಿಂದ ಅಳೆದರೆ ಬಿಲ್ಲಿನ ಎಷ್ಟು ಪಾಲು ಅದರಿಂದ ಹೊರಡುತ್ತದೆ ಎಂದು ನೀನೇ ಹೇಳಬಲ್ಲೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ವಸತಿ ಸೊಸೈಟಿಗಳ ಸಾಮಾನ್ಯ ಬಳಕೆಗೂ ಕಿಲೋವಾಟಿಗೆ 18,000 ರೂಪಾಯಿ ಸಹಾಯಧನವಿದೆ, ಆ ಅಂಕಿಯನ್ನೂ ಸೇರಿಸಬಹುದು. ಫಲಕಗಳ ಆಯುಷ್ಯ ಸುಮಾರು 25 ವರ್ಷ, ಅವುಗಳನ್ನು ತಯಾರಿಸಲು ತಗಲಿದ ಶಕ್ತಿಯನ್ನು ಅವು ಒಂದೆರಡು ವರ್ಷಗಳಲ್ಲಿ ಮರಳಿಸುತ್ತವೆ. ಆಯುಷ್ಯ ಮುಗಿದ ಮೇಲೆ ಅವು ಕಸ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಸೌರ ಫಲಕಗಳನ್ನೂ ಸೇರಿಸಿರುವುದು ಅದಕ್ಕಾಗಿಯೇ.

ಪತ್ರಿಕೆಗಳಲ್ಲಿ ಬರುವ ಒಂದು ಅಂಕಿಯ ಬಗ್ಗೆ ಎಚ್ಚರವಿರಲಿ. ಭಾರತದ ಒಟ್ಟು ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಕಲ್ಲಿದ್ದಲು, ಅನಿಲಗಳನ್ನು ಬಿಟ್ಟ ಮೂಲಗಳ ಪಾಲು 2025ರಲ್ಲಿ ಅರ್ಧವನ್ನು ಮುಟ್ಟಿತು. ಅರ್ಧ ಸಾಮರ್ಥ್ಯವೆಂದರೆ ಅರ್ಧ ವಿದ್ಯುತ್ತಲ್ಲ. ಸೂರ್ಯ ರಾತ್ರಿ ಇರುವುದಿಲ್ಲ, ಗಾಳಿ ಋತುವನ್ನು ನೋಡಿ ಬೀಸುತ್ತದೆ, ಹಾಗಾಗಿ ನಿಜವಾಗಿ ಉತ್ಪಾದನೆಯಾಗುವ ಯೂನಿಟ್‌ಗಳಲ್ಲಿ ಕಲ್ಲಿದ್ದಲಿನದೇ ಈಗಲೂ ದೊಡ್ಡ ಪಾಲು. ಇದರಿಂದಾಗಿ ಒಂದು ಯೂನಿಟನ್ನು ಉಳಿಸುವುದಕ್ಕೆ ಬೆಲೆಯಿದೆ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ, ಬ್ರಶ್ ಇಲ್ಲದ ಡಿಸಿ ಮೋಟರಿನ ಹೊಸ ಬಿಎಲ್‌ಡಿಸಿ ಫ್ಯಾನ್ 30 ವಾಟ್. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ಉಳಿತಾಯ 0.54 ಯೂನಿಟ್. ನಿನ್ನ ಟರ್ಬೈನಿನ ಲೆಕ್ಕವನ್ನು ಮತ್ತೆ ತೆರೆದು ನೋಡು: ಅಷ್ಟನ್ನು ಗಳಿಸಲು, ಒಂದು ಹನಿಯ ನಷ್ಟವೂ ಇಲ್ಲದೆ, ದಿನವೂ 10,000 ಲೀಟರ್ ನೀರು ಏಳು ಮಾಳಿಗೆ ಇಳಿಯಬೇಕು.

ಪ್ರಶ್ನೆ: ಮಾಟುಂಗಾದಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲಿದೆ. ದಿನಕ್ಕೆ ಸುಮಾರು 50 ಕಿಲೋ ತರಕಾರಿ ಸಿಪ್ಪೆ, ಉಳಿದ ಅನ್ನ, ಹಳಸಿದ ಹಿಟ್ಟು ಸೇರುತ್ತದೆ. ಮಗನು ಶಾಲೆಯಲ್ಲಿ ಬಯೋಗ್ಯಾಸ್ ಪಾಠ ಓದಿ ಬಂದು ಇದರಿಂದಲೇ ಒಲೆ ಉರಿಸೋಣ ಎನ್ನುತ್ತಿದ್ದಾನೆ. ಸಾಧ್ಯವೇ? ಅವನು ಬಾಟಲಿಯಲ್ಲಿ ಮಾಡಿದ ಪ್ರಯೋಗದ ಗ್ಯಾಸ್ ಮಾತ್ರ ಹೊತ್ತಿಕೊಳ್ಳಲಿಲ್ಲ.

ಉತ್ತರ: ಸಾಧ್ಯ, ಮತ್ತು ನಿಮ್ಮ ನೆರೆಹೊರೆಗೆ ಇದು ಹೊಸದೂ ಅಲ್ಲ. ಭಾರತದ ಬಯೋಗ್ಯಾಸ್ ಚರಿತ್ರೆಯ ಆರಂಭದ ಪುಟಗಳಲ್ಲೇ ಮಾಟುಂಗಾದ ಕುಷ್ಠರೋಗಿಗಳ ಆಶ್ರಮದ ಹೆಸರಿದೆ. 19ನೇ ಶತಮಾನದ ಕೊನೆಯ ಹೊತ್ತಿಗೇ ಅಲ್ಲಿ ಮಲತ್ಯಾಜ್ಯದಿಂದ ಗ್ಯಾಸ್ ತೆಗೆಯುವ ವ್ಯವಸ್ಥೆಯಿತ್ತು. ಸಗಣಿಯ ಬದಲು ಅಡುಗೆಮನೆಯ ಪಿಷ್ಟಭರಿತ ತ್ಯಾಜ್ಯದಿಂದ ನಡೆಯುವ ಸಣ್ಣ ಸ್ಥಾವರವನ್ನು ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನವನ್ನು ರೂಪಿಸುವ ಪುಣೆಯ ಆರತಿ (ARTI) ಸಂಸ್ಥೆಯಲ್ಲಿ ಡಾ. ಆನಂದ ಕರ್ವೆ ಮತ್ತು ಸಂಗಡಿಗರು ರೂಪಿಸಿದರು, ಅದಕ್ಕೆ 2006ರಲ್ಲಿ ಆಶ್ಡೆನ್ ಪ್ರಶಸ್ತಿ ಬಂತು. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ 'ನಿಸರ್ಗಋಣ' ಇನ್ನೂ ದೊಡ್ಡ ಪ್ರಮಾಣದ ಹಸಿ ಕಸಕ್ಕೆ ಹೊಂದುವ ವಿನ್ಯಾಸ.

ನಿಮ್ಮ ಲೆಕ್ಕ ಸ್ಥೂಲವಾಗಿ ಹೀಗಿದೆ. ಹತ್ತು ಕಿಲೋ ಹಸಿ ತ್ಯಾಜ್ಯದಿಂದ ಒಂದು ಘನ ಮೀಟರಿನ ಆಸುಪಾಸು ಗ್ಯಾಸ್ ಬರುತ್ತದೆ, ಒಂದು ಘನ ಮೀಟರ್ ಬಯೋಗ್ಯಾಸ್ ಸುಮಾರು 400ರಿಂದ 500 ಗ್ರಾಂ ಎಲ್‌ಪಿಜಿಗೆ ಸಮ. 50 ಕಿಲೋ ತ್ಯಾಜ್ಯವೆಂದರೆ ದಿನಕ್ಕೆ ಎರಡು ಕಿಲೋಗಿಂತ ತುಸು ಹೆಚ್ಚು ಎಲ್‌ಪಿಜಿ, ಅಂದರೆ ಎಂಟೊಂಬತ್ತು ದಿನಕ್ಕೆ 19 ಕಿಲೋದ ಒಂದು ಸಿಲಿಂಡರ್ ಉಳಿಯಬಹುದು. ದೋಸೆಯ ಕಾವಲಿಗೆ ಇದು ಸಾಲದು, ನೀರು ಕಾಯಿಸುವುದಕ್ಕೆ, ಸಾಂಬಾರಿನ ಒಂದು ಬರ್ನರಿಗೆ ಸಾಕು.

ಮಗನ ಬಾಟಲಿಯ ವಿಚಾರಕ್ಕೆ ಬಂದರೆ, ಮೊದಲ ದಿನಗಳಲ್ಲಿ ಏಳುವ ಗುಳ್ಳೆಗಳಲ್ಲಿ ಹೆಚ್ಚಿನದು ಕಾರ್ಬನ್ ಡೈಆಕ್ಸೈಡ್. ಅನ್ನವನ್ನು ಆಮ್ಲಗಳಾಗಿ ಒಡೆಯುವ ಬ್ಯಾಕ್ಟೀರಿಯಾಗಳು ಚುರುಕು, ಆ ಆಮ್ಲಗಳಿಂದ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ನಿಧಾನ, ಗಾಳಿಯ ಆಮ್ಲಜನಕವೂ ಅವುಗಳಿಗೆ ಆಗದು. ಅವು ನೆಲೆಯೂರಲು ವಾರಗಳು ಬೇಕು. ತಬೇಲದಿಂದ ತಾಜಾ ಸಗಣಿ ತಂದು ಕದಡಿ ಆರಂಭಿಸಿದರೆ ಬೇಗ ಹಿಡಿಯುತ್ತದೆ. ಒಮ್ಮೆಲೇ ಹೆಚ್ಚು ಅನ್ನ ಸುರಿದರೆ ಆಮ್ಲ ಏರಿ ಎಲ್ಲವೂ ನಿಂತುಹೋಗುತ್ತದೆ, ಆಗ ಕೆಲವು ದಿನ ಏನನ್ನೂ ಹಾಕದೆ ಬಿಡಬೇಕಾಗುತ್ತದೆ. ನಿಂಬೆ, ಮೋಸಂಬಿಗಳ ಸಿಪ್ಪೆಯನ್ನೂ ಕರಿದ ಎಣ್ಣೆಯನ್ನೂ ದೂರವಿಡಿ. ಮುಂಬಯಿಯ ಸೆಕೆ ಈ ಜೀವಿಗಳಿಗೆ ಬಹಳ ಇಷ್ಟ, ಈ ನಗರದ ಹವೆಯನ್ನು ಹೊಗಳುವ ಅವಕಾಶ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಬಾಟಲಿಯ ಗ್ಯಾಸಿಗೆ ಬೆಂಕಿ ತೋರಿಸುವ ಪ್ರಯೋಗವನ್ನು ಮಗ ಒಬ್ಬನೇ ಮಾಡದಿರಲಿ, ಬಾಟಲಿಯ ಬಾಯನ್ನು ಬಿಗಿಯಾಗಿ ಮುಚ್ಚಿಡುವುದೂ ಬೇಡ.

ಪ್ರಶ್ನೆ: ನಾವು ಮೂಲತಃ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರು, ಈಗ ಪುಣೆಯ ಚಿಂಚವಡದಲ್ಲಿದ್ದೇವೆ. ಜಲವಿದ್ಯುತ್ತು ಪರಿಸರಸ್ನೇಹಿ ಎಂದು ಮಗಳು ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕ ಪಡೆದಳು. ನನಗೆ ಮಾತ್ರ ಆ ಉತ್ತರ ಅರ್ಧ ಎನ್ನಿಸುತ್ತದೆ. ತಮ್ಮ ಅಭಿಪ್ರಾಯವೇನು?

ಉತ್ತರ: ಉತ್ತರದ ಉಳಿದರ್ಧ ನೀವಿರುವ ಊರಿನ ಪಕ್ಕದಲ್ಲೇ ಇದೆ, ಮತ್ತು ಅದು ನಿಮ್ಮ ಹುಟ್ಟೂರಿನ ಭೀಮಾ ನದಿಗೂ ಸಂಬಂಧಪಟ್ಟದ್ದು. ಲೋಣಾವಳದ ಸುತ್ತಲಿನ ಕೆರೆಗಳ ನೀರನ್ನು ಘಟ್ಟದಿಂದ ಕೊಂಕಣದ ಕಡೆಗೆ ಕೊಳವೆಗಳಲ್ಲಿ ಇಳಿಸಿ ವಿದ್ಯುತ್ ಮಾಡುವ ಟಾಟಾ ಕಂಪನಿಯ ಖೋಪೋಲಿ ಕೇಂದ್ರ 1915ರಲ್ಲಿ ಆರಂಭವಾಯಿತು, ಮುಂಬಯಿಯ ಬಟ್ಟೆ ಗಿರಣಿಗಳು ಹೊಗೆಯಿಲ್ಲದ ಆ ವಿದ್ಯುತ್ತಿನಿಂದ ತಿರುಗಿದವು. ಇಳಿತ 500 ಮೀಟರಿಗೂ ಮಿಕ್ಕಿದ್ದು. ಅಷ್ಟು ಎತ್ತರದಿಂದ ಬಿದ್ದ ಒಂದು ಘನ ಮೀಟರ್ ನೀರಿನಲ್ಲಿ 1.36 ಯೂನಿಟ್ ಶಕ್ತಿಯಿರುತ್ತದೆ. ಮೇಲಿನ ಡೊಂಬಿವಲಿಯ ಹುಡುಗಿಯ ಟ್ಯಾಂಕಿಗೆ ಹೋಲಿಸಿದರೆ ಇದು ಇಪ್ಪತ್ತೈದು ಪಟ್ಟು, ಅಲ್ಲದೆ ಆ ನೀರನ್ನು ಮೇಲಕ್ಕೆ ಎತ್ತಿದ್ದು ಪಂಪಲ್ಲ, ಸೂರ್ಯ ಮತ್ತು ಮುಂಗಾರು.

ಆದರೆ ಅದೇ ಟಾಟಾ ಕಂಪನಿ ಪುಣೆಯ ಪಶ್ಚಿಮಕ್ಕಿರುವ ಮುಳಶಿಯಲ್ಲಿ ಅಣೆಕಟ್ಟು ಕಟ್ಟಲು ಹೊರಟಾಗ ಭೂಮಿ ಕಳೆದುಕೊಳ್ಳಲಿದ್ದ ಮಾವಳ ಪ್ರದೇಶದ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಅದರ ಮುಂದಾಳು ಪಾಂಡುರಂಗ ಮಹಾದೇವ ಬಾಪಟರಿಗೆ 'ಸೇನಾಪತಿ' ಎಂಬ ಹೆಸರು ಬಂದದ್ದು ಈ ಹೋರಾಟದಿಂದ. ಹಳ್ಳಿಗಳು ಮುಳುಗಿದವು, 1927ರಲ್ಲಿ ಮುಳಶಿಯ ನೀರಿನಿಂದ ವಿದ್ಯುತ್ ಮಾಡುವ ಭಿರಾ ಕೇಂದ್ರ ಆರಂಭವಾಯಿತು. ಮುಳಾ ಮತ್ತು ಇಂದ್ರಾಯಣಿ ನದಿಗಳು ಸಹಜವಾಗಿ ಪೂರ್ವಕ್ಕೆ ಹರಿದು ಭೀಮೆಯನ್ನು ಸೇರುವಂಥವು. ಅವುಗಳ ಒಂದು ಪಾಲು ನೀರು ಟರ್ಬೈನು ತಿರುಗಿಸಿದ ಮೇಲೆ ಪಶ್ಚಿಮದ ಪಾತಾಳಗಂಗೆ ಮತ್ತು ಕುಂಡಲಿಕಾ ನದಿಗಳ ಮೂಲಕ ಅರಬ್ಬೀ ಸಮುದ್ರದ ಕಡೆಗೆ ಹೋಗುತ್ತದೆ, ಭೀಮಾ ತೀರಕ್ಕೆ ಬರುವುದಿಲ್ಲ. ಕೊಲಾಡಿನಲ್ಲಿ ಬೇಸಿಗೆಯಲ್ಲೂ ದೋಣಿ ಸಾಹಸಕ್ಕೆ ಹೋಗುವವರು ತೇಲುವುದು ಭಿರಾದಿಂದ ಬಿಟ್ಟ ಈ ನೀರಿನಲ್ಲೇ.

ಹೊಗೆಯ ಮಟ್ಟಿಗೆ ಮಗಳು ಬರೆದದ್ದು ಸರಿ. ಜನ, ಕಾಡು ಮತ್ತು ನದಿಯ ಕೆಳಪಾತ್ರದವರ ಲೆಕ್ಕವನ್ನೂ ಸೇರಿಸಬೇಕೆಂಬ ನಿಮ್ಮ ಅನಿಸಿಕೆಯೂ ಸರಿ. ಈ ಚರ್ಚೆ ಮುಗಿದಿಲ್ಲ. ಹಗಲಿನ ಸೌರ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ ರಾತ್ರಿ ಇಳಿಸುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸಿಂಗಳೀಕಗಳ ಅಭಯಾರಣ್ಯದ ಕಾರಣಕ್ಕೆ ಬಂದಿರುವ ವಿರೋಧವನ್ನು ಮಗಳಿಗೆ ಓದಲು ಕೊಡಿ.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿ ನಮ್ಮ ಮನೆ ಸಮುದ್ರಕ್ಕೆ ಹತ್ತಿರ. ಸದಾ ಗಾಳಿಯಿದೆ. ಎಂಟನೆಯ ತರಗತಿಯ ತಮ್ಮನು ತಾರಸಿಯ ಮೇಲೆ ಗಾಳಿಯಂತ್ರ ಹೂಡಿ ಫ್ರಿಜ್ ನಡೆಸುತ್ತೇನೆ ಎನ್ನುತ್ತಾನೆ.

ಉತ್ತರ: ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ, ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು. ಮೈಗೆ ಹಿತವೆನಿಸುವ ಸೆಕೆಂಡಿಗೆ 3 ಮೀಟರಿನ ಗಾಳಿಯಲ್ಲಿ ಒಂದು ಚದರ ಮೀಟರಿಗೆ ಇರುವುದು 16 ವಾಟ್ ಮಾತ್ರ, ಅದರಲ್ಲೂ ಶೇಕಡ 59.3ಕ್ಕಿಂತ ಹೆಚ್ಚನ್ನು ಯಾವ ರೆಕ್ಕೆಯೂ ಹಿಡಿಯಲಾರದೆಂದು ಬೆಟ್ಸ್ ನಿಯಮ ಹೇಳುತ್ತದೆ. ಐದಾರು ವಾಟ್ ಸಿಕ್ಕರೆ ಹೆಚ್ಚು, ಫ್ರಿಜ್ ಆಸೆ ಬಿಡಲಿ. ಚಿತ್ರದುರ್ಗದ ಗುಡ್ಡಗಳ ಮೇಲೆ, ಗದಗಿನ ಬಯಲಿನಲ್ಲಿ ಅಷ್ಟೆತ್ತರದ ಕಂಬಗಳನ್ನು ನಿಲ್ಲಿಸಿರುವುದು ನೆಲದ ಅಡೆತಡೆಗಳಿಂದ ಮೇಲೆ ವೇಗವಾದ ಗಾಳಿ ಸಿಗುತ್ತದೆ ಎಂದೇ.

ಅವನು ಗಾಳಿಯನ್ನು ಅಳೆಯುವ ಉಪಕರಣವನ್ನು ಮೊದಲು ಮಾಡಲಿ. ನಾಲ್ಕು ಕಾಗದದ ಲೋಟಗಳನ್ನು ಅಡ್ಡಕಡ್ಡಿಗಳ ತುದಿಗೆ, ಒಂದರ ಬಾಯಿ ಮುಂದಿನದರ ಬೆನ್ನನ್ನು ನೋಡುವಂತೆ ಸುತ್ತಲೂ ಅಂಟಿಸಿ, ಒಂದಕ್ಕೆ ಬಣ್ಣ ಬಳಿದು, ನಡುವೆ ಬೇರಿಂಗಿನ ಮೇಲೆ ಕೂರಿಸಿದರೆ ಆಯಿತು. ಗಾಳಿಯಿಲ್ಲದ ಮುಂಜಾನೆ ನೀವು ಖಾಲಿ ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸ್ಕೂಟರ್ ಓಡಿಸಿ, ಅವನು ಹಿಂದೆ ಕುಳಿತು ಅದನ್ನು ತಲೆಗಿಂತ ಮೇಲೆ ಹಿಡಿದು ಬಣ್ಣದ ಲೋಟ ನಿಮಿಷಕ್ಕೆ ಎಷ್ಟು ಸಲ ಸುತ್ತುತ್ತದೆ ಎಂದು ಎಣಿಸಲಿ. 10 ಮತ್ತು 30 ಕಿಲೋಮೀಟರಿನಲ್ಲೂ ಹಾಗೆಯೇ ಎಣಿಸಿ ನಕ್ಷೆ ಬರೆದರೆ, ತಾರಸಿಯ ಗಾಳಿಯ ವೇಗವನ್ನು ಅದರಿಂದ ನೇರವಾಗಿ ಓದಿಕೊಳ್ಳಬಹುದು. ಬೇರಿಂಗಿಗೆ ಆಗಾಗ ಎಣ್ಣೆ ಬಿಡುತ್ತಿರಲಿ, ಕಡಲಿನ ಉಪ್ಪುಗಾಳಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ.